ಮೂರು ದಿನದ ನೀರು, ಆರು ವಾರದ ಪ್ರವಾಹ: ಕತ್ರಿನಾದಲ್ಲಿ ಸಾಕುಪ್ರಾಣಿಗಳಿಗೆ ಏನಾಯಿತು?

2005ರ ಆಗಸ್ಟ್ 28, ಭಾನುವಾರ. ಅಮೆರಿಕದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಮೇಯರ್ ರೇ ನೇಗಿನ್ ಬೆಳಿಗ್ಗೆ ಕಡ್ಡಾಯ ತೆರವಿನ ಆದೇಶ ಹೊರಡಿಸಿದರು. ಕತ್ರಿನಾ ಆಗ ಮೆಕ್ಸಿಕೋ ಕೊಲ್ಲಿಯಲ್ಲಿ 5ನೇ ದರ್ಜೆಯ, ಅಂದರೆ ಅತ್ಯಂತ ತೀವ್ರ ದರ್ಜೆಯ ಚಂಡಮಾರುತ. ಮರುದಿನ ಬೆಳಿಗ್ಗೆ 3ನೇ ದರ್ಜೆಗೆ ಇಳಿದು ಕರಾವಳಿಗೆ ಬಡಿಯಿತು. ಅಂದರೆ ನಾಲ್ಕೂವರೆ ಲಕ್ಷ ಜನರ ಊರು ಖಾಲಿಯಾಗಲು ಒಂದು ಪೂರ್ತಿ ದಿನವೂ ಇರಲಿಲ್ಲ. ಕಾರಿದ್ದವರು ಹೊರಟರು. ಕಾರಿಲ್ಲದ, ದುಡ್ಡಿಲ್ಲದ, ಕಾಯಿಲೆ ಬಿದ್ದ ಸುಮಾರು ಒಂದು ಲಕ್ಷ ಜನ ಅಲ್ಲೇ ಉಳಿದರು.

ಹೊರಟವರಲ್ಲಿ ಸಾವಿರಾರು ಮಂದಿ ನಾಯಿ, ಬೆಕ್ಕು, ಹಕ್ಕಿಗಳನ್ನು ಮನೆಯಲ್ಲೇ ಬಿಟ್ಟರು. ಅವರನ್ನು ಕಟುಕರು ಎಂದು ಬೈಯುವುದು ಸುಲಭ. ಅವರ ಲೆಕ್ಕ ಬೇರೆ ಇತ್ತು. ಹಿಂದಿನ ವರ್ಷ, 2004ರ ಸೆಪ್ಟೆಂಬರ್‌ನಲ್ಲಿ, ಐವನ್ ಚಂಡಮಾರುತ ಬರುತ್ತದೆಂದು ಇದೇ ಜನ ಗಂಟುಮೂಟೆ ಕಟ್ಟಿ ಹೊರಟಿದ್ದರು. ಅದು ನಗರವನ್ನು ತಪ್ಪಿಸಿಕೊಂಡು ಹೋಯಿತು, ಇವರು ಸುರಕ್ಷಿತವಾಗಿ ವಾಪಸಾದರು. ಹಾಗಾಗಿ ಈ ಸಲವೂ ಎರಡು ಮೂರು ದಿನ ಅಂದುಕೊಂಡು ಅಷ್ಟಕ್ಕೇ ಅನ್ನ, ನೀರು ಇಟ್ಟು ಬಾಗಿಲು ಹಾಕಿದರು.

ಆದರೆ ನಗರವನ್ನು ಮುಳುಗಿಸಿದ್ದು ಕಾಲುವೆಗಳು. 17ನೇ ಸ್ಟ್ರೀಟ್ ಕಾಲುವೆ, ಲಂಡನ್ ಅವೆನ್ಯೂ ಕಾಲುವೆ, ಇಂಡಸ್ಟ್ರಿಯಲ್ ಕಾಲುವೆಗಳ ತಡೆಗೋಡೆ ಒಡೆದು ನಗರದ ಶೇ 80ರಷ್ಟು ಭಾಗಕ್ಕೆ ನೀರು ನುಗ್ಗಿತು. ತಗ್ಗಿನ ಬಡಾವಣೆಗಳಲ್ಲಿ ಸೂರಿನ ಮಟ್ಟಕ್ಕೆ ನೀರು. ಕೊನೆಯ ನೀರನ್ನು ಪಂಪ್ ಮಾಡಿ ಮುಗಿಸುವಾಗ ಅಕ್ಟೋಬರ್ 11 ಆಗಿತ್ತು. ಮೂರು ದಿನಕ್ಕೆಂದು ಇಟ್ಟ ನೀರಿನ ಬಟ್ಟಲಿಗೂ ಆರು ವಾರದ ಪ್ರವಾಹಕ್ಕೂ ನಡುವೆ ಆದದ್ದೇ ಈ ಪ್ರಕರಣ. ಪ್ರಾಣಿಯನ್ನು ಬಿಟ್ಟು ಬರಬೇಕು ಎನ್ನುವ ನಿಯಮ ಮನುಷ್ಯರನ್ನೂ ನೀರಿನಲ್ಲಿ ನಿಲ್ಲಿಸುತ್ತದೆ. ಬದುಕಿಸಿ ತಂದ ಪ್ರಾಣಿಗೆ ಗುರುತು ಇಲ್ಲದಿದ್ದರೆ ಅದು ಮನೆಗೆ ಮರಳುವುದಿಲ್ಲ. ಇವೆರಡೂ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಂಡವು.

ಬಸ್ಸಿನ ಬಾಗಿಲು

ಆಗಿನ ನಿಯಮ ಸರಳ. ರೆಡ್ ಕ್ರಾಸ್ ಆಶ್ರಯ ಕೇಂದ್ರಗಳಿಗೆ ಅಂಧರ ನಾಯಿಯಂಥ ಸೇವಾ ಪ್ರಾಣಿಗಳನ್ನು ಬಿಟ್ಟರೆ ಬೇರೆ ಪ್ರಾಣಿಗೆ ಪ್ರವೇಶವಿಲ್ಲ. ಅಲರ್ಜಿ, ಕಚ್ಚುವ ಭಯ, ನೈರ್ಮಲ್ಯ ಎಂಬ ಕಾರಣಗಳು, ಯಾವುದೂ ಸುಳ್ಳಲ್ಲ. ಕೊನೆಯ ಆಸರೆಯೆಂದು ತೆರೆದ ಸೂಪರ್‌ಡೋಮ್ ಕ್ರೀಡಾಂಗಣದಿಂದ ಜನರನ್ನು ಹೊರಗೆ ಸಾಗಿಸಿದ ಬಸ್ಸುಗಳಿಗೂ ಅದೇ ನಿಯಮ. ಬಸ್ ಹತ್ತುವ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗನ ಕೈಯಿಂದ ಪೊಲೀಸರು ಅವನ ನಾಯಿಯನ್ನು ತೆಗೆದುಕೊಂಡರು. ಹುಡುಗ 'ಸ್ನೋಬಾಲ್, ಸ್ನೋಬಾಲ್' ಎಂದು ಕೂಗಿ ಕೂಗಿ ವಾಂತಿ ಮಾಡಿಕೊಂಡ. ಅಸೋಸಿಯೇಟೆಡ್ ಪ್ರೆಸ್ ವರದಿಯ ಈ ಕೆಲವೇ ಸಾಲು ದೇಶದ ತುಂಬ ಹಬ್ಬಿ, ಮುಂದೆ ಸಂಸತ್ತಿನ ಚರ್ಚೆಯವರೆಗೂ ಹೋಯಿತು.

ಸ್ನೋಬಾಲ್ ಕಥೆಗಿಂತ ಮುಖ್ಯವಾದದ್ದು ಇನ್ನೊಂದು. ವಿಪತ್ತು ನೆರವಿನ ಕ್ಷೇತ್ರದ ಫ್ರಿಟ್ಜ್ ಇನ್‌ಸ್ಟಿಟ್ಯೂಟ್ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಾವಾಗಿಯೇ ಊರು ಬಿಡದೆ ಉಳಿದವರ ಪೈಕಿ ಶೇ 44 ಮಂದಿ ಸಾಕುಪ್ರಾಣಿ ಬಿಟ್ಟು ಹೋಗಲಾಗದ್ದೂ ಒಂದು ಕಾರಣ ಎಂದಿದ್ದರು. 'ಮನುಷ್ಯರೇ ಸಾಯುತ್ತಿರುವಾಗ ನಾಯಿ ಚಿಂತೆ ಯಾಕೆ' ಎಂದು ಕೇಳುವವರಿಗೆ ಈ ಒಂದು ಅಂಕಿ ಸಾಕು. ದೋಣಿ ಮನೆ ಬಾಗಿಲಿಗೆ ಬಂದರೂ ಹತ್ತದ ಮುದುಕರನ್ನು ಎರಡನೇ ಸಲ, ಮೂರನೇ ಸಲ ಕರೆಯಲು ಹೋಗಬೇಕಾದಾಗ ಆ ದೋಣಿ ಬೇರೆ ಮನೆಗೆ ತಪ್ಪುತ್ತದೆ.

ಇದು ಯಾರಿಗೂ ಗೊತ್ತಿರದ ಸಂಗತಿಯೂ ಆಗಿರಲಿಲ್ಲ. 1996ರ ಮಾರ್ಚ್‌ನಲ್ಲಿ ವಿಸ್ಕಾನ್ಸಿನ್‌ನ ವೆಯಾವೀಗಾ ಎಂಬ ಸಣ್ಣ ಊರಲ್ಲಿ ಅನಿಲ ತುಂಬಿದ ರೈಲು ಹಳಿ ತಪ್ಪಿ ಬೆಂಕಿ ಹತ್ತಿತು. ಕೆಲವೇ ಗಂಟೆಗೆಂದು ಪ್ರಾಣಿಗಳನ್ನು ಬಿಟ್ಟು ಬಂದವರು, ತಿಂಗಳ ಮಾತಿರಲಿ, ನಾಲ್ಕೇ ದಿನದಲ್ಲಿ ತಾಳ್ಮೆ ಕಳೆದುಕೊಂಡರು. ಪೊಲೀಸ್ ಕಾವಲು ದಾಟಿ ಸ್ಫೋಟದ ಅಪಾಯವಿದ್ದ ಮನೆಗಳಿಗೆ ನುಸುಳಿದರು. ಕೊನೆಗೆ ಸೇನೆಯ ಕವಚದ ವಾಹನಗಳಲ್ಲಿ ಹೋಗಿ ಪ್ರಾಣಿಗಳನ್ನು ತರಬೇಕಾಯಿತು. ಒಂಬತ್ತು ವರ್ಷದ ಬಳಿಕ ನ್ಯೂ ಆರ್ಲಿಯನ್ಸ್‌ನ ಯೋಜನೆಯಲ್ಲಿ ಈ ಪಾಠದ ಸುಳಿವೂ ಇರಲಿಲ್ಲ.

ಮುಚ್ಚಿದ ಮನೆಯೊಳಗೆ

ಪ್ರಾಣಿಗಳು ಸತ್ತ ಬಗೆ ಒಂದೇ ಅಲ್ಲ. ಬೇರೆ ಬೇರೆ ಬಗೆಗೆ ಬೇರೆ ಬೇರೆ ಪರಿಹಾರ ಇರುವುದರಿಂದ ಬಿಡಿಸಿ ನೋಡಬೇಕು.

ಮೊದಲು ಸತ್ತವು ಕಟ್ಟಿಹಾಕಿದ ನಾಯಿಗಳು. ಹೆಚ್ಚಿನ ನಾಯಿಗಳಿಗೆ ಈಜು ಬರುತ್ತದೆ, ಆದರೆ ಎರಡು ಮೀಟರ್ ಸರಪಳಿಗೆ ಎರಡು ಮೀಟರಿನಾಚೆ ನೀರು ಏರಿದರೆ ಈಜು ಏನೂ ಮಾಡದು. ಬಾಗಿಲು ಚಿಲಕ ಹಾಕಿದ ಗೂಡು, ಹಕ್ಕಿ ಪಂಜರ, ಕೆಳ ಅಂತಸ್ತಿನ ಮುಚ್ಚಿದ ಬಚ್ಚಲುಮನೆಗಳದ್ದೂ ಇದೇ ಕಥೆ. 'ಬಚ್ಚಲಲ್ಲಿ ಕೂಡಿಹಾಕಿದರೆ ಭದ್ರ' ಎಂಬ ಸಲಹೆ ಗಾಳಿಗೆ ಸರಿ, ನೀರಿಗೆ ತಪ್ಪು.

ಎರಡನೆಯದು ಬಾಯಾರಿಕೆ. ಸುತ್ತ ನೀರೇ ನೀರು, ಕುಡಿಯಲು ಮಾತ್ರ ಇಲ್ಲ. ನಾಯಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 50ರಿಂದ 60 ಮಿಲಿ ನೀರು ಬೇಕು. ಹದಿನೈದು ಕೆಜಿಯ ನಾಯಿಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರ್. ಅದು ತಣ್ಣನೆಯ ದಿನದ ಲೆಕ್ಕ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು, ಆ ಉಸಿರಿನ ಜೊತೆ ನೀರು ಹೋಗುತ್ತದೆ. ಹೊರಗೆ 32–33 ಡಿಗ್ರಿ, ಒಳಗೆ ಕಿಟಕಿ ಮುಚ್ಚಿ, ಕರೆಂಟ್ ಇಲ್ಲದ ಮನೆಯಲ್ಲಿ ಬೇಡಿಕೆ ದುಪ್ಪಟ್ಟಾಗುತ್ತದೆ. ಅನ್ನವಿಲ್ಲದೆ ನಾಯಿ ವಾರಗಟ್ಟಲೆ ಉಳಿದೀತು; ನೀರಿಲ್ಲದೆ ಕೆಲವೇ ದಿನ. ಬಿಟ್ಟು ಬಂದವರು ಬಟ್ಟಲು ತುಂಬ ಆಹಾರ ಸುರಿದು ಒಂದೇ ಪಾತ್ರೆ ನೀರಿಟ್ಟದ್ದು ಎಷ್ಟೋ ಮನೆಗಳಲ್ಲಿ ಕಂಡಿತು. ಆ ಒಂದು ಪಾತ್ರೆ ಮೊದಲ ಗಾಬರಿಯಲ್ಲೇ ಮಗುಚಿ ಬೀಳುತ್ತದೆ.

ಮೂರನೆಯದು ಆ ನೀರೇ. ಚರಂಡಿ, ಪೆಟ್ರೋಲು, ಕಾರ್ಖಾನೆ ತೈಲ ಎಲ್ಲ ಬೆರೆತ ನೀರು ಅದು. ಪಕ್ಕದ ಸೇಂಟ್ ಬರ್ನಾರ್ಡ್ ಪ್ರದೇಶದಲ್ಲಿ ತೈಲ ಸಂಸ್ಕರಣಾಗಾರದ ಟ್ಯಾಂಕ್ ಒಡೆದು ಕಚ್ಚಾತೈಲ ಮನೆಗಳಿಗೇ ನುಗ್ಗಿತ್ತು. ಕುಡಿದ ಪ್ರಾಣಿಗೆ ಭೇದಿ, ಮೈಗೆ ತಾಗಿದ ಪ್ರಾಣಿಗೆ ಚರ್ಮ ಸುಲಿದ ಗಾಯ. ಮೈ ನೆಕ್ಕಿಕೊಂಡಾಗ ಅದೇ ವಿಷ ಹೊಟ್ಟೆಗೆ.

ಇಷ್ಟಾದರೂ ಬದುಕಿದವು ಇದ್ದವು, ಅವು ಬದುಕಿದ್ದು ಎಲ್ಲಿ ಎಂಬುದರಲ್ಲೇ ಪಾಠವಿದೆ. ಬೆಕ್ಕುಗಳು ಅಟ್ಟದಲ್ಲಿ, ಬೀರುವಿನ ಮೇಲೆ. ನಾಯಿಗಳು ಮೇಲಂತಸ್ತಿನಲ್ಲಿ, ಮೆಟ್ಟಿಲ ತುದಿಯಲ್ಲಿ, ಕೆಲವು ತೇಲಿದ ಹಾಸಿಗೆಯ ಮೇಲೆ. ಒಟ್ಟಿನಲ್ಲಿ ಮೇಲೆ ಹೋಗಲು ದಾರಿ ಬಿಟ್ಟಿದ್ದ ಕಡೆ.

ಗೋಡೆಯ ಮೇಲಿನ ಬರಹ

ಮೊದಲ ದಿನಗಳಲ್ಲಿ ದೋಣಿಗಳೆಲ್ಲ ಜನರಿಗೆ. ಪ್ರಾಣಿ ರಕ್ಷಣಾ ತಂಡಗಳು ದೊಡ್ಡ ಸಂಖ್ಯೆಯಲ್ಲಿ ನಗರದೊಳಕ್ಕೆ ಬರುವ ಹೊತ್ತಿಗೆ ಅಮೂಲ್ಯ ದಿನಗಳು ಕಳೆದಿದ್ದವು. ಹೊರಗಿದ್ದ ಮಾಲೀಕರು ಸಹಾಯವಾಣಿಗೆ ಫೋನ್ ಮಾಡಿ ವಿಳಾಸ ಕೊಡುತ್ತಿದ್ದರು, ತಂಡಗಳು ಕಬ್ಬಿಣದ ಸಲಾಕೆಯಲ್ಲಿ ಬಾಗಿಲು ಮೀಟಿ ಒಳಹೋಗುತ್ತಿದ್ದವು. ಹಿಡಿಯಲಾಗದ ಪ್ರಾಣಿಗೆ ಅಲ್ಲೇ ಆಹಾರ ನೀರು ಇಟ್ಟು, ಮನೆ ಗೋಡೆಗೆ ಸ್ಪ್ರೇ ಪೇಂಟಿನಲ್ಲಿ ದಿನಾಂಕ, ಪ್ರಾಣಿಯ ಸಂಖ್ಯೆ, ಪಕ್ಕದಲ್ಲಿ 'ಎಫ್/ಡಬ್ಲ್ಯು' ಎಂದು ಬರೆದರು; ಆಹಾರ, ನೀರು ಇಟ್ಟಾಗಿದೆ ಎಂದರ್ಥ. ಬರೆದ ದಿನಾಂಕ ನೋಡಿ ಮುಂದಿನ ತಂಡ ಯಾವ ಮನೆಗೆ ಮೊದಲು ಹೋಗಬೇಕೆಂದು ಗೊತ್ತುಮಾಡಿಕೊಳ್ಳುತ್ತಿತ್ತು. ದಿನಾಂಕವಿಲ್ಲದ ಬರಹದಿಂದ ಪ್ರಯೋಜನ ಇರಲಿಲ್ಲ: ನಿನ್ನೆಯದೋ, ಹತ್ತು ದಿನದ ಹಿಂದಿನದೋ?

ಹಿಡಿದ ಪ್ರಾಣಿಗಳು ಹೋದದ್ದು ಮುಖ್ಯವಾಗಿ ಗೊನ್ಜಾಲೆಸ್ ಪಟ್ಟಣದ ಲಮಾರ್-ಡಿಕ್ಸನ್ ಪ್ರದರ್ಶನ ಮೈದಾನಕ್ಕೆ. ಕುದುರೆ ಸ್ಪರ್ಧೆಗೆ ಕಟ್ಟಿದ ಲಾಯಗಳು ರಾತ್ರೋರಾತ್ರಿ ನಾಯಿಗೂಡುಗಳಾದವು. ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪಾರ್ಕರ್ ಕೊಲಿಸಿಯಂನಲ್ಲಿ ಇನ್ನೊಂದು ಕೇಂದ್ರ. ಅಲ್ಲಿ ಹೆಚ್ಚಾಗಿ ಮಾಲೀಕರೇ ತಂದು ಬಿಟ್ಟ ಪ್ರಾಣಿಗಳು. ಈ ವ್ಯತ್ಯಾಸ ಗಮನಿಸಬೇಕು. ಮಾಲೀಕ ಕೈಯಾರೆ ತಂದುಕೊಟ್ಟ ಪ್ರಾಣಿಗೆ ಹೆಸರು, ಯಜಮಾನ ಎರಡೂ ದಾಖಲೆಯಲ್ಲಿರುತ್ತವೆ. ಖಾಲಿ ಮನೆಯಿಂದ ತಂದದ್ದಕ್ಕೆ ಬೀದಿಯ ಹೆಸರಾದರೂ ಸಿಕ್ಕರೆ ಪುಣ್ಯ.

ಒಳಗೆ ತೆಗೆದುಕೊಳ್ಳುವ ಕ್ರಮ ಹೀಗಿತ್ತು: ಮೊದಲು ತೊಳೆಯುವುದು, ಆಮೇಲೆ ವೈದ್ಯರ ತಪಾಸಣೆ, ಫೋಟೊ, ಸಂಖ್ಯೆಯ ಪಟ್ಟಿ, ಗೂಡು. ತೊಳೆಯಲು ಬಳಸಿದ್ದು ಪಾತ್ರೆ ತೊಳೆಯುವ ದ್ರವ ಸೋಪು. ಎಣ್ಣೆ ಬಿಡಿಸುತ್ತದೆ, ಚರ್ಮಕ್ಕೆ ಕೆಡುಕು ಕಡಿಮೆ. ನಮ್ಮಲ್ಲಿ ಡಾಂಬರು, ಎಣ್ಣೆ ಹತ್ತಿದ ನಾಯಿಗೆ ಸೀಮೆಎಣ್ಣೆ ಹಚ್ಚುವವರಿದ್ದಾರೆ. ಅದು ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಹೋಗುತ್ತದೆ. ಗಟ್ಟಿ ಜಿಡ್ಡಿಗೆ ಅಡುಗೆ ಎಣ್ಣೆ ತಿಕ್ಕಿ ಸಡಿಲಿಸಿ, ಆಮೇಲೆ ಸೋಪು ನೀರು ಸಾಕು.

ಎಡವಿದ್ದು ಗುರುತಿನಲ್ಲಿ. ಕುತ್ತಿಗೆಯಲ್ಲಿ ಪಟ್ಟಿ ಇದ್ದ ನಾಯಿಗಳೂ ಕೆಲವು ಬಂದವು. ಬಿಲ್ಲೆಯ ಮೇಲೆ ಮನೆಯ ವಿಳಾಸ, ಮನೆಯ ಫೋನ್. ವಿಳಾಸ ನೀರಿನಡಿ. ಫೋನು ಅದೇ ಮನೆಯ ಗೋಡೆಯಲ್ಲಿ. ನ್ಯೂ ಆರ್ಲಿಯನ್ಸ್‌ನ 504 ಸಂಕೇತದ ಸಂಖ್ಯೆಗಳು, ಮೊಬೈಲುಗಳೂ ಸೇರಿ, ದಿನಗಟ್ಟಲೆ ಸರಿಯಾಗಿ ಹತ್ತಲಿಲ್ಲ. ಊರಾಚೆಗಿನ ಒಬ್ಬ ನೆಂಟರ ಸಂಖ್ಯೆ ಇದ್ದಿದ್ದರೆ ಕೆಲಸ ಆಗುತ್ತಿತ್ತು.

ಚರ್ಮದಡಿ ಗುರುತಿನ ಚಿಪ್ ಇದ್ದವಕ್ಕೂ ಕಷ್ಟ ತಪ್ಪಲಿಲ್ಲ. ಅಮೆರಿಕದಲ್ಲಿ ಆಗ ಎಲ್ಲ ಕಂಪನಿಗಳ ಚಿಪ್‌ಗಳಿಗೂ ಒಂದೇ ತರಂಗಾಂತರ ಇರಲಿಲ್ಲ, ಒಬ್ಬರ ಚಿಪ್ಪನ್ನು ಇನ್ನೊಬ್ಬರ ಯಂತ್ರ ಎಷ್ಟೋ ಸಲ ಓದುತ್ತಿರಲಿಲ್ಲ. ಓದಿದರೂ ನೋಂದಣಿಯಲ್ಲಿ ಹಳೆಯ ಫೋನ್ ಸಂಖ್ಯೆ. ಉಳಿದವಕ್ಕೆ ಫೋಟೊ ಒಂದೇ ದಾರಿ. ಪೆಟ್‌ಫೈಂಡರ್ ಜಾಲತಾಣದಲ್ಲಿ ಸಾವಿರಾರು ಚಿತ್ರ ಏರಿದವು. 'ಕಪ್ಪು, ಮಧ್ಯಮ ಗಾತ್ರ, ಮಿಶ್ರ ತಳಿ' ಎಂಬ ವಿವರಣೆಗೆ ನೂರಾರು ನಾಯಿ ಹೊಂದುತ್ತವೆ. ಪಕ್ಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನ ಯಾವುದೋ ಆಶ್ರಯ ಕೇಂದ್ರದಲ್ಲಿ ಮಲಗಿದ್ದ ಮಾಲೀಕರಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಈ ನಡುವೆ ಲಮಾರ್-ಡಿಕ್ಸನ್ ತುಂಬಿ ತುಳುಕಿ, ಹೊಸ ಪ್ರಾಣಿಗೆ ಜಾಗ ಮಾಡಲು ಹಳೆಯವನ್ನು ದೇಶದ ಮೂಲೆ ಮೂಲೆಯ ಆಶ್ರಯಗಳಿಗೆ ಕಳಿಸಿದರು. ಪ್ರಾಣಿ ಹೋದ ಕಡೆ ಕಾಗದ ಹೋಗಲಿಲ್ಲ, ಕಾಗದ ಹೋದ ಕಡೆ ಪ್ರಾಣಿ ಇರಲಿಲ್ಲ.

ಲೂಯಿಸಿಯಾನಾದ ಪ್ರಾಣಿ ಸಂಘಟನೆಗಳ ಅಂದಾಜಿನಂತೆ ಸುಮಾರು 15,500 ಪ್ರಾಣಿಗಳನ್ನು ರಕ್ಷಿಸಲಾಯಿತು. ಅವುಗಳಲ್ಲಿ ಶೇ 80ರಿಂದ 85ರಷ್ಟು ತಮ್ಮ ಮನೆಯವರನ್ನು ಮತ್ತೆ ಸೇರಲೇ ಇಲ್ಲ. ಸತ್ತದ್ದರಿಂದಲ್ಲ, ಯಾರದೆಂದು ತಿಳಿಯದ್ದರಿಂದ. ಹೊಸ ಮನೆ ಸೇರಿದ ನಾಯಿಗಳನ್ನು ತಿಂಗಳುಗಳ ಬಳಿಕ ಹಳೆಯ ಮಾಲೀಕರು ಪತ್ತೆ ಹಚ್ಚಿದಾಗ ಕೆಲವರು ಹಿಂದಿರುಗಿಸಲು ಒಪ್ಪಲಿಲ್ಲ, ನ್ಯಾಯಾಲಯದವರೆಗೆ ಜಗಳ ಹೋಯಿತು. 'ಹೃದಯದಲ್ಲಿ ಹುಳು ಇತ್ತು, ನೀವು ಸರಿಯಾಗಿ ಸಾಕಿರಲಿಲ್ಲ' ಎಂಬುದು ದತ್ತು ಪಡೆದವರ ವಾದ. ರಕ್ಷಿಸಿದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಆ ಹುಳು ಇತ್ತು. ಸೊಳ್ಳೆಯಿಂದ ಬರುವ ಕಾಯಿಲೆ, ಜೌಗು ಪ್ರದೇಶದ ಬಡವರ ನಾಯಿಗಳಿಗೆ ಸಾಮಾನ್ಯ. ಅದನ್ನು ಪ್ರೀತಿಯ ಅಳತೆಗೋಲು ಮಾಡಿದ್ದು ಅನ್ಯಾಯ.

ಇದೇ ಊರಲ್ಲಿ ಒಂದು ಸಂಸ್ಥೆ ಸರಿಯಾಗಿ ನಡೆದುಕೊಂಡಿತು. ಇಂಡಸ್ಟ್ರಿಯಲ್ ಕಾಲುವೆಯ ಹತ್ತಿರವೇ ಆಶ್ರಯ ಹೊಂದಿದ್ದ ಲೂಯಿಸಿಯಾನಾ ಎಸ್‌ಪಿಸಿಎ (ಪ್ರಾಣಿ ಹಿಂಸೆ ತಡೆ ಸಂಘ), ಚಂಡಮಾರುತ ಬಡಿಯುವ ಮೊದಲೇ ತನ್ನಲ್ಲಿದ್ದ 263 ಪ್ರಾಣಿಗಳನ್ನು ಹ್ಯೂಸ್ಟನ್ನಿಗೆ ಸಾಗಿಸಿತು. ಆಮೇಲೆ ಆ ಕಟ್ಟಡ ನೀರಿಗೆ ಸಿಕ್ಕಿ ಹಾಳಾಯಿತು. ಅವರಿಗೆ ವಿಶೇಷ ಸಾಧನವೇನೂ ಇರಲಿಲ್ಲ. ಯಾವ ದರ್ಜೆಯ ಎಚ್ಚರಿಕೆಗೆ ಹೊರಡಬೇಕು, ಯಾವ ವಾಹನ, ಯಾವ ಊರು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಕಾನೂನು, ಮತ್ತು 2008

2006ರ ಅಕ್ಟೋಬರ್ 6ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಪೆಟ್ಸ್ ಕಾಯ್ದೆಗೆ ಸಹಿ ಹಾಕಿದರು. ಕೆಳಮನೆಯಲ್ಲಿ ಇದನ್ನು ಮಂಡಿಸಿದವರು ಟಾಮ್ ಲ್ಯಾಂಟೋಸ್ ಮತ್ತು ಕ್ರಿಸ್ಟೋಫರ್ ಶೇಸ್. ಒಕ್ಕೂಟ ಸರ್ಕಾರದ ವಿಪತ್ತು ನೆರವು ಬೇಕಾದರೆ ರಾಜ್ಯ ಮತ್ತು ಸ್ಥಳೀಯ ಆಡಳಿತಗಳ ತೆರವು ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಸೇವಾ ಪ್ರಾಣಿಗಳಿಗೂ ಜಾಗ ಇರಬೇಕು ಎಂಬುದು ಅದರ ತಿರುಳು. ಎಲ್ಲ ಹೋಟೆಲುಗಳೂ ನಾಯಿಯನ್ನು ಸೇರಿಸಿಕೊಳ್ಳಲೇಬೇಕೆಂದು ಈ ಕಾಯ್ದೆ ಹೇಳುತ್ತದೆ ಎಂಬ ಸುದ್ದಿ ಪ್ರತಿ ಚಂಡಮಾರುತದ ವೇಳೆ ವಾಟ್ಸ್ಆ್ಯಪಿನಲ್ಲಿ ತಿರುಗುತ್ತದೆ. ಹಾಗೇನೂ ಇಲ್ಲ. ಹ್ಯೂಸ್ಟನ್, ಫ್ಲೋರಿಡಾ ಕಡೆ ಇರುವ ಕನ್ನಡಿಗರು ಪ್ರಾಣಿಗೆ ಅನುಮತಿ ಇರುವ ಕೇಂದ್ರ ಯಾವುದೆಂದು ಚಂಡಮಾರುತದ ಋತು ಶುರುವಾಗುವ ಜೂನ್‌ನಲ್ಲೇ ಕೌಂಟಿ (ಜಿಲ್ಲಾ) ಕಚೇರಿಯಿಂದ ತಿಳಿದು, ರೇಬಿಸ್ ಲಸಿಕೆಯ ಪ್ರಮಾಣಪತ್ರ ಕೈಯಲ್ಲಿ ಇಟ್ಟುಕೊಳ್ಳಬೇಕು.

2008ರ ಸೆಪ್ಟೆಂಬರ್ 1ರಂದು ಗುಸ್ತಾವ್ ಚಂಡಮಾರುತ ಅದೇ ಕರಾವಳಿಗೆ ಬಂದಾಗ ವ್ಯವಸ್ಥೆ ಬದಲಾಗಿತ್ತು. ಸರ್ಕಾರಿ ಸಾರಿಗೆಯಲ್ಲಿ ಹೊರಟವರು ಪ್ರಾಣಿಯನ್ನೂ ಕರೆತರಬಹುದಿತ್ತು. ನಿಲ್ದಾಣದಲ್ಲೇ ಪ್ರಾಣಿಗೂ ಯಜಮಾನನಿಗೂ ಹೊಂದುವ ಗುರುತು ಕೊಟ್ಟು, ಗೂಡಿನಲ್ಲಿ ಹಾಕಿ, ಬೇರೆ ವಾಹನದಲ್ಲಿ ಪ್ರಾಣಿಗಳ ಆಶ್ರಯಕ್ಕೆ ಸಾಗಿಸಿದರು. ಬಿಟ್ಟುಬಂದ ಪ್ರಾಣಿಗಳ ರಾಶಿ ಆ ಸಲ ಕಾಣಲಿಲ್ಲ.

ನಮ್ಮ ನೆಲಕ್ಕೆ ಇದನ್ನು ಇಳಿಸಿದರೆ

ಕರ್ನಾಟಕದಲ್ಲಿ ಜಾನುವಾರು ಲೆಕ್ಕಕ್ಕಿದೆ, ನಾಯಿ ಬೆಕ್ಕು ಇಲ್ಲ. 2019ರ ಕೃಷ್ಣಾ ಪ್ರವಾಹದಲ್ಲಿ ದನಕರುಗಳಿಗೆ ಮೇವು, ಆಸರೆ ಒದಗಿಸಿದ್ದರು. ವಿಪತ್ತು ಪರಿಹಾರ ನಿಧಿಯ 2022–26ರ ಅವಧಿಯ ದರಪಟ್ಟಿಯಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಕುರಿ ಮೇಕೆಗೆ 4,000, ಕೋಳಿಗೆ 100 ಎಂದಿತ್ತು. ನಾಯಿಯ ಸಾಲೇ ಇರಲಿಲ್ಲ. ಪರಿಹಾರ ಕೊಡಬೇಕೆಂದು ವಾದಿಸುವ ಅಗತ್ಯವಿಲ್ಲ, ಆದರೆ ದರಪಟ್ಟಿಯಲ್ಲಿ ಇಲ್ಲದ್ದು ತೆರವಿನ ನಮೂನೆಯಲ್ಲೂ ಇರುವುದಿಲ್ಲ. ಕಾಳಜಿ ಕೇಂದ್ರದ ನೋಂದಣಿ ಪುಸ್ತಕದಲ್ಲಿ ತಲೆ ಎಣಿಸುವಾಗ 'ಸಾಕುಪ್ರಾಣಿ' ಎಂಬ ಒಂದು ಕಂಬಸಾಲು ಗೀಚಿಕೊಳ್ಳಲು ಯಾವ ಆದೇಶವೂ ಬೇಕಿಲ್ಲ.

ಅಪಾಯದ ಸ್ವರೂಪ ಊರಿಂದೂರಿಗೆ ಬೇರೆ. ಚಿಕ್ಕೋಡಿ, ಜಮಖಂಡಿ ಕಡೆ ನೀರು ಅಣೆಕಟ್ಟೆಯಿಂದ ಬರುತ್ತದೆ, ಒಂದೆರಡು ದಿನದ ಸಮಯ ಸಿಗುತ್ತದೆ. ಬೆಂಗಳೂರಿನ ಬೆಳ್ಳಂದೂರು, ಯಮಲೂರಿನಂಥ ಕಡೆ 2022ರ ಸೆಪ್ಟೆಂಬರ್‌ನಲ್ಲಿ ಆದಂತೆ ಒಂದು ರಾತ್ರಿ. ಕೊಡಗಿನ 2018ರ ಭೂಕುಸಿತ, ವಯನಾಡಿನ 2024ರ ಜುಲೈ 30ರ ಭೂಕುಸಿತಗಳಲ್ಲಿ ಸಿಕ್ಕಿದ್ದು ನಿಮಿಷಗಳು ಮಾತ್ರ. ಗುಡ್ಡದ ಬುಡದ ಮನೆಗೆ ಗೂಡು, ಬುಟ್ಟಿ, ಕಾಗದ ಪತ್ರದ ಸಲಹೆ ಕೊಟ್ಟು ಫಲವಿಲ್ಲ. ಅಲ್ಲಿ ಒಂದೇ ಮಾತು: ಭಾರೀ ಮಳೆಯ ಎಚ್ಚರಿಕೆ ಇರುವ ರಾತ್ರಿ ನಾಯಿಯನ್ನು ಕಟ್ಟಬೇಡಿ, ಹಟ್ಟಿಯ ಹಗ್ಗ ಎಳೆದ ಕೂಡಲೇ ಬಿಚ್ಚುವ ಗಂಟಿನಲ್ಲಿರಲಿ, ಗೂಡಿಗೆ ಬೀಗ ಬೇಡ.

ಸಮಯ ಸಿಗುವ ಊರುಗಳಲ್ಲಿ ಸಿದ್ಧತೆ ಮೇ ತಿಂಗಳಲ್ಲೇ ಮುಗಿದಿರಬೇಕು. ಇಲಿಜ್ವರದ ಅಂಶವಿರುವ ಲಸಿಕೆ ಮೊದಲ ಸಲವಾದರೆ ಕೆಲವು ವಾರದ ಅಂತರದಲ್ಲಿ ಎರಡು ಚುಚ್ಚುಮದ್ದು ಬೇಕು, ಪ್ರವಾಹ ಬಂದ ಮೇಲೆ ಕೊಟ್ಟರೆ ತಡ. ರೇಬಿಸ್ ಲಸಿಕೆಯ ಪುಸ್ತಕ ಇಲ್ಲದ ನಾಯಿಯನ್ನು ಕಾಳಜಿ ಕೇಂದ್ರದವರು ಹೊರಗಿಟ್ಟರೆ ಅವರನ್ನು ದೂರುವಂತಿಲ್ಲ.

ಕುತ್ತಿಗೆಪಟ್ಟಿಯ ಮೇಲೆ ಎರಡು ಮೊಬೈಲ್ ಸಂಖ್ಯೆ ಬರೆಯಿರಿ, ಒಂದು ನಿಮ್ಮದು, ಇನ್ನೊಂದು ಬೇರೆ ಜಿಲ್ಲೆಯ ನೆಂಟರದು. ಬಿಲ್ಲೆ ಕೆತ್ತಿಸಲು ಹೊತ್ತಿಲ್ಲದಿದ್ದರೆ ಡಾಕ್ಟರ್ ಟೇಪನ್ನು ಪಟ್ಟಿಗೆ ಸುತ್ತಿ, ಅಳಿಸದ ಮಾರ್ಕರಿನಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಹಚ್ಚಿದರೆ ನೀರಿನಲ್ಲೂ ಕೆಲವು ದಿನ ಬಾಳುತ್ತದೆ. ಚೋಕ್ ಚೈನ್ ತೆಗೆದುಬಿಡಿ, ಕೊಂಬೆಗೆ ಸಿಕ್ಕಿದರೆ ಉರುಳಾಗುತ್ತದೆ. ಭಾರತದಲ್ಲಿ ಹಾಕುವ ಚಿಪ್ ಸಾಮಾನ್ಯವಾಗಿ 15 ಅಂಕಿಯದು. ಓದುವ ಯಂತ್ರ ತಾಲ್ಲೂಕು ಮಟ್ಟದಲ್ಲಿ ಅಪರೂಪವಾದ್ದರಿಂದ ಚಿಪ್ ಇದ್ದರೂ ಪಟ್ಟಿ ಬೇಕೇ ಬೇಕು. ನಾಲ್ಕು ಫೋಟೊ ತೆಗೆಯಿರಿ: ಮುಖ, ಎಡಮೈ, ಬಲಮೈ, ಮತ್ತು ಮನೆಯವರ ಜೊತೆ ಒಂದು. ಕೊನೆಯದು ಯಾಕೆಂದರೆ ಪ್ರಾಣಿ ನಿಮ್ಮದೆಂದು ತೋರಿಸಲು ಬೇರೆ ಕಾಗದ ಉಳಿದಿರದೆ ಇರಬಹುದು. ನಾಲ್ಕನ್ನೂ ಆ ನೆಂಟರ ವಾಟ್ಸ್ಆ್ಯಪಿಗೆ ಕಳಿಸಿಡಿ.

ಹದಿನೈದು ಕೆಜಿಯ ನಾಯಿಗೆ ಒಂದು ವಾರಕ್ಕೆ ಸುಮಾರು ಎರಡು ಕೆಜಿ ಒಣ ಆಹಾರ, ಏಳರಿಂದ ಹತ್ತು ಲೀಟರ್ ನೀರು, ಅಗಲವಾದ ಬಟ್ಟಲು, ಒಂದೂವರೆ ಮೀಟರ್ ಗಟ್ಟಿ ಹಗ್ಗ, ಹಳೆಯ ಬೆಡ್‌ಶೀಟು, ನಿತ್ಯದ ಔಷಧಿ. ಮನೆಯ ಅನ್ನ, ಮುದ್ದೆ ತಿಂದು ಬೆಳೆದ ನಾಯಿಗೆ ಒಣ ಆಹಾರವನ್ನು ಮೊದಲೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ. ಕೇಂದ್ರದಲ್ಲಿ ಸಿಗುವುದು ಚಿತ್ರಾನ್ನ, ಪಲಾವ್, ಸಾಂಬಾರು; ಮೂರರಲ್ಲೂ ಈರುಳ್ಳಿ. ನಾಯಿಗೆ ಪ್ರತಿ ಕೆಜಿ ತೂಕಕ್ಕೆ 15ರಿಂದ 30 ಗ್ರಾಂ, ಬೆಕ್ಕಿಗೆ 5 ಗ್ರಾಂ ಈರುಳ್ಳಿ ರಕ್ತಕಣ ಒಡೆಯಲು ಸಾಕು. ಬರಿ ಅನ್ನ, ಮೊಸರು ಕೇಳಿ ಪಡೆಯಿರಿ.

ಬೆಕ್ಕಿನ ಕಥೆ ಬೇರೆ. ಮನೆಯಲ್ಲಿ ಗದ್ದಲ ಶುರುವಾದ ಕೂಡಲೇ ಅದು ಮಂಚದಡಿಯೋ ಅಟ್ಟದ ಮೂಲೆಯೋ ಸೇರುತ್ತದೆ, ವಾಹನ ಬಂದಾಗ ಸಿಗುವುದಿಲ್ಲ. ಹಾಗಾಗಿ ಸಾಮಾನು ಕಟ್ಟುವ ಮೊದಲೇ ಬೆಕ್ಕನ್ನು ಒಂದು ಕೋಣೆಗೆ ಸೇರಿಸಿ, ಹೊರಡುವಾಗ ಬುಟ್ಟಿಗೆ ಹಾಕಿ. ಬುಟ್ಟಿಯನ್ನು ವರ್ಷವಿಡೀ ಮನೆಯ ಮೂಲೆಯಲ್ಲಿ ಬಾಗಿಲು ತೆರೆದಿಟ್ಟು ಅದರೊಳಗೇ ಊಟ ಹಾಕಿದ್ದರೆ ತಾನೇ ಒಳಹೋಗುತ್ತದೆ. ಯುದ್ಧಕಾಲದ ಶಸ್ತ್ರಾಭ್ಯಾಸ ಬೆಕ್ಕಿನ ಹತ್ತಿರ ನಡೆಯುವುದಿಲ್ಲ, ಕೈಯೆಲ್ಲ ಪರಚಿಸಿಕೊಳ್ಳುವುದೊಂದೇ ಲಾಭ. ಬುಟ್ಟಿ ಇಲ್ಲವೇ? ಹತ್ತಿಬಟ್ಟೆಯ ದಿಂಬಿನ ಕವರಿನಲ್ಲಿ ಹಾಕಿ ಬಾಯಿ ಕಟ್ಟಿದರೆ ದೋಣಿ ದಾಟುವಷ್ಟು ಹೊತ್ತು ಸಾಕು, ಬಟ್ಟೆಯಲ್ಲಿ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ರಬ್ಬರ್ ದೋಣಿಗೆ ನಾಯಿ ಹತ್ತಿಸುವ ಮುನ್ನ ಬಾಯಿ ಕಟ್ಟಿ. ಸಿಬ್ಬಂದಿ ನಾಯಿಯನ್ನು ಒಲ್ಲೆ ಎನ್ನಲು ಮುಖ್ಯ ಕಾರಣ ಕಚ್ಚುವ ಭಯ. ಒಂದು ಮೀಟರ್ ಉದ್ದದ ಬಟ್ಟೆಪಟ್ಟಿಯಲ್ಲಿ ಕುಣಿಕೆ ಮಾಡಿ ಮೂತಿಗೆ ಹಾಕಿ, ಮೇಲೊಂದು ಗಂಟು, ತುದಿಗಳನ್ನು ಗದ್ದದಡಿ ಅಡ್ಡ ಹಾಯಿಸಿ ಕಿವಿಯ ಹಿಂದೆ ಕಟ್ಟಬೇಕು. ದಡ ಮುಟ್ಟಿದ ಕೂಡಲೇ ಬಿಚ್ಚಿ, ಬಾಯಿ ಕಟ್ಟಿದ ನಾಯಿಗೆ ಏದುಸಿರು ಬಿಡಲಾಗದು. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ, ವಾಂತಿ ಮಾಡುತ್ತಿರುವ ನಾಯಿಗೆ ಇದು ಸಲ್ಲ. ದೋಣಿಯ ತಳದಲ್ಲಿ ಕಾಲ ನಡುವೆ ಕೂರಿಸಿಕೊಳ್ಳಿ. ಹಗ್ಗ ಕೈಯಲ್ಲಿರಲಿ, ದೋಣಿಗಾಗಲಿ ಮಣಿಕಟ್ಟಿಗಾಗಲಿ ಬಿಗಿಯಬೇಡಿ. ಮಗುಚಿದರೆ ಇಬ್ಬರೂ ಸಿಕ್ಕಿಕೊಳ್ಳುತ್ತೀರಿ.

ಕಾಳಜಿ ಕೇಂದ್ರಗಳು ಹೆಚ್ಚಾಗಿ ಶಾಲೆಗಳು. ಜಗಲಿಯ ಒಂದು ತುದಿ, ಅಡುಗೆ ಜಾಗದಿಂದ ಮತ್ತು ಮಕ್ಕಳು ಮಲಗುವ ಕೋಣೆಯಿಂದ ದೂರ, ನಾಯಿಗಳಿಗೆ ಸಾಕು. ಬೆಕ್ಕು, ಹಕ್ಕಿಗೆ ಮುಚ್ಚಿದ ಕೋಣೆ ಬೇಕು. ನಾಯಿಗಳ ನಡುವೆ ಮೂರು ಮೀಟರ್ ಅಂತರ, ಮನೆಗೊಬ್ಬರು ಕಾವಲು, ಮಲ ತೆಗೆದ ಜಾಗಕ್ಕೆ ಬ್ಲೀಚಿಂಗ್ ಪೌಡರ್. ಒಂದೇ ಸಂಖ್ಯೆಯ ಎರಡು ಚೀಟಿ: ಒಂದು ಪಟ್ಟಿಗೆ, ಇನ್ನೊಂದು ಯಜಮಾನರ ಕೈಗೆ. ಪ್ರಾಣಿಯನ್ನು ಬೇರೆಡೆಗೆ ಸಾಗಿಸಿದರೆ ಆ ಸಂಖ್ಯೆಯ ಎದುರು ಎಲ್ಲಿಗೆ, ಯಾವ ದಿನ, ಯಾರು ಒಯ್ದರು ಎಂದು ಬರೆಯಬೇಕು. ಲಮಾರ್-ಡಿಕ್ಸನ್ ಸೋತದ್ದು ಈ ಮೂರು ಅಂಕಣದಲ್ಲೇ. ಪಶು ಚಿಕಿತ್ಸೆಗೆ 1962, ಜಿಲ್ಲೆಯ ತುರ್ತು ಕೇಂದ್ರಕ್ಕೆ 1077.

ಯಾವ ದಾರಿಯೂ ಇಲ್ಲದೆ ಬಿಟ್ಟೇ ಹೋಗಬೇಕಾದರೆ ಮೇಲಿನ ಮಹಡಿಗೆ ಸೇರಿಸಿ, ಕಟ್ಟಬೇಡಿ. ಒಳಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳದಂತೆ ಇಟ್ಟಿಗೆಯಿಡಿ, ತಾರಸಿಗೆ ದಾರಿ ತೆರೆದಿರಲಿ. ನೀರನ್ನು ಅಗಲ ಟಬ್ಬುಗಳಲ್ಲಿ ಮೂರು ನಾಲ್ಕು ಕಡೆ ಹಂಚಿಡಿ. ಎತ್ತರದ ಬಕೆಟ್ಟಿನಲ್ಲಿ ಅರ್ಧ ಇಳಿದ ಮೇಲೆ ನಾಯಿಯ ಮೂತಿ ಮುಟ್ಟದು, ಬೆಕ್ಕಾದರೆ ಒಳಗೇ ಬೀಳುತ್ತದೆ. ಮುಂಬಾಗಿಲ ಮೇಲೆ, ತಲೆಗಿಂತ ಎತ್ತರದಲ್ಲಿ, ಪೇಂಟಿನಲ್ಲಿ ಬರೆಯಿರಿ: ಒಳಗೆ 1 ನಾಯಿ, 2 ಬೆಕ್ಕು, ಮೇಲ್ಮಹಡಿ, ದಿನಾಂಕ, ಫೋನ್. ಕೀಲಿ ಕೊನೆಗೆ ಊರು ಬಿಡುವವರ ಹತ್ತಿರ ಕೊಡಿ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಹಸಿವು ಬಾಯಾರಿಕೆಗೆ ಸಿಕ್ಕುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ.

ದಿನಗಟ್ಟಲೆ ಉಪವಾಸವಿದ್ದ ಪ್ರಾಣಿ ಸಿಕ್ಕಾಗ ಹೊಟ್ಟೆ ತುಂಬ ಉಣ್ಣಿಸಬೇಡಿ. ಒಮ್ಮೆಲೇ ಊಟ ಬಿದ್ದರೆ ರಕ್ತದ ರಂಜಕ (ಫಾಸ್ಫರಸ್) ಕುಸಿದು, ಸಿಕ್ಕ ಮೇಲೂ ಸಾಯಬಹುದು. ಮೊದಲ ದಿನ ಮಾಮೂಲಿನ ಕಾಲು ಭಾಗವನ್ನು ಆರು ಸಲ ಹಂಚಿ, ನೀರು ಸ್ವಲ್ಪ ಸ್ವಲ್ಪ, ನಾಲ್ಕೈದು ದಿನದಲ್ಲಿ ಪೂರ್ತಿ ಊಟಕ್ಕೆ ಏರಿಸಿ. ಮನೆಗೆ ಮರಳಿದ ಮೇಲೆ ಹಳೆಯ ವಾಸನೆಗಳೆಲ್ಲ ತೊಳೆದು ಹೋಗಿರುತ್ತವೆ, ನಾಯಿಗೆ ತನ್ನ ಬೀದಿಯೇ ಗುರುತು ಸಿಗದು. ಕೆಸರಿನಡಿ ಗಾಜು, ಸೌದೆ ರಾಶಿಯಲ್ಲಿ ಹಾವು. ಒಂದು ವಾರ ಹಗ್ಗ ಹಿಡಿದೇ ಹೊರಗೆ ಕರೆದೊಯ್ಯಿರಿ, ಬೆಕ್ಕನ್ನು ಅಷ್ಟೇ ದಿನ ಒಂದು ಕೋಣೆಯಲ್ಲಿ ಇಟ್ಟು ಆಮೇಲೆ ಬಿಡಿ.